ಅಟ್ಟದ ಟ್ರಂಕಿನ ಹೀ-ಮ್ಯಾನ್: ತೊಳೆಯುವ ಮೊದಲು, ಮಾರುವ ಮೊದಲು

ಓದುಗರ ಪ್ರಶ್ನೆ

"ನಾನು ಡೊಂಬಿವಲಿಯವನು, ವಯಸ್ಸು 46. ನಮ್ಮ ಚಾಳು ರಿಡೆವಲಪ್‌ಮೆಂಟಿಗೆ ಹೋಗುತ್ತಿದೆ, ಮಳೆಗಾಲಕ್ಕೆ ಮುಂಚೆ ಖೋಲಿ ಖಾಲಿ ಮಾಡಬೇಕು. ಅಡುಗೆಮನೆ ಮೇಲಿನ ಅಟ್ಟದಿಂದ ಇಳಿಸಿದ ತಗಡಿನ ಟ್ರಂಕಿನಲ್ಲಿ ನಾನೂ ಅಣ್ಣನೂ ಆಡುತ್ತಿದ್ದ ಗೊಂಬೆಗಳು ಸಿಕ್ಕಿವೆ. ಲಿಯೋ ಕಂಪನಿಯ ಕಾರ್ಟೂನ್ ವೀರ ಹೀ-ಮ್ಯಾನ್, ಅವನ ವೈರಿ ಸ್ಕೆಲಿಟರ್. ವಾಸ್ಕೋದಲ್ಲಿದ್ದ ಸೋದರಮಾವ ತಂದುಕೊಡುತ್ತಿದ್ದ ಫನ್‌ಸ್ಕೂಲ್ ಕಂಪನಿಯ ಜಿ.ಐ. ಜೋ ಸೈನಿಕ ಗೊಂಬೆಗಳು ಹನ್ನೊಂದು, ಅವುಗಳಲ್ಲಿ ಐದಾರು ಸೊಂಟ ಮುರಿದು ಎರಡು ತುಂಡಾಗಿವೆ. ಅಂಗಡಿಯಿಂದ ಬಂದ ರಟ್ಟಿನ ಕಾರ್ಡಿನಿಂದ ಬಿಚ್ಚದೇ ಉಳಿದ ಒಂದು ಸ್ಟ್ರೀಟ್ ಹಾಕ್. ದೊಡ್ಡಪ್ಪ ದುಬೈಯಿಂದ ತಂದ ಬ್ಯಾಟ್‌ಮನ್. ಅದರ ಜೋಡಿ ಸೂಪರ್‌ಮನ್ ಶಾಲೆಯಲ್ಲಿ ಕಳೆದುಹೋಯಿತು, ಆ ಬೇಸರ ಇನ್ನೂ ಹೋಗಿಲ್ಲ.

ಅಮ್ಮ ವರ್ಷ ವರ್ಷ ಟ್ರಂಕಿಗೆ ಡಾಂಬರು ಗುಳಿಗೆ ಹಾಕುತ್ತಿದ್ದರು. ಈಗ ಹೀ-ಮ್ಯಾನ್ ಎದೆಪಟ್ಟಿ ಅಂಟಂಟಾಗಿದೆ, ಕೆಲವು ಗೊಂಬೆಗಳ ಮೇಲೆ ಬಿಳಿ ಪುಡಿ ಕೂತಿದೆ, ಬ್ಯಾಟ್‌ಮನ್ ಹಳದಿಗಟ್ಟಿದ್ದಾನೆ. ಪಾರ್ಲರಿನ ಬ್ಲೀಚ್ ಕ್ರೀಮ್ ಹಚ್ಚಿ ಬಿಸಿಲಿಗಿಟ್ಟರೆ ಹೊಸದಾಗುತ್ತದೆ ಎಂದು ಅಳಿಯ ವಿಡಿಯೊ ತೋರಿಸಿದ. ಚೋರ್ ಬಜಾರಿನ ವ್ಯಾಪಾರಿಯೊಬ್ಬರು ಎಲ್ಲದಕ್ಕೂ ಸೇರಿ 15,000 ಕೊಡುತ್ತೇನೆ, ಭಾನುವಾರ ಬರುತ್ತೇನೆ ಎಂದಿದ್ದಾರೆ. ಆಫೀಸಿನವರು ಲಕ್ಷಗಟ್ಟಲೆ ಬಾಳುತ್ತವೆ ಅನ್ನುತ್ತಾರೆ. ಇನ್ನೊಬ್ಬರು 'ಇವು ಇಂಡಿಯಾದ ಡುಪ್ಲಿಕೇಟ್, ಅಮೆರಿಕದ್ದಾದರೆ ಮಾತ್ರ ಬೆಲೆ' ಎಂದರು. ಈ ಮಧ್ಯೆ ಇಂಟರ್ನೆಟ್ಟಿನಲ್ಲಿ ಒಬ್ಬ 1984ರ ಸೀಲ್ ಒಡೆಯದ ಸೂಪರ್‌ಮನ್ ಇದೆ, ಮುಂಗಡ ಕಳಿಸಿ ಅನ್ನುತ್ತಿದ್ದಾನೆ. ಏಳು ವರ್ಷದ ಮಗಳು ಇವುಗಳ ಜೊತೆ ಆಡುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಏನು ಮಾಡಲಿ?"

ತಜ್ಞರ ಉತ್ತರ

ಮೊದಲು ಒಂದು ಕೆಲಸ ಇವತ್ತೇ ಮಾಡಿ: ಆ ಡಾಂಬರು ಗುಳಿಗೆಗಳನ್ನು ತೆಗೆದು ಹೊರಗೆ ಹಾಕಿ. ಉಳಿದ ಉತ್ತರವನ್ನು ನಿಧಾನವಾಗಿ ಓದಬಹುದು.

ತಾಯಿಯವರು ರೇಷ್ಮೆ ಸೀರೆಗೆ ಮಾಡುವುದನ್ನೇ ಗೊಂಬೆಗೂ ಮಾಡಿದ್ದಾರೆ, ಅವರದೇನೂ ತಪ್ಪಿಲ್ಲ. ಆದರೆ ನ್ಯಾಫ್ತಲಿನ್ ಆವಿ ಬಟ್ಟೆಗೆ ಮಾಡದ ಕೆಡುಕನ್ನು ಪ್ಲಾಸ್ಟಿಕ್ಕಿಗೆ ಮಾಡುತ್ತದೆ. ಪಾಲಿಸ್ಟೈರೀನ್ ಜಾತಿಯ ಪ್ಲಾಸ್ಟಿಕ್ ಅದನ್ನು ಹೀರಿಕೊಂಡು ಮೆದುವಾಗುತ್ತದೆ, ಮೇಲಿನ ಬಣ್ಣ ಸಡಿಲಾಗುತ್ತದೆ. ಗುಳಿಗೆ ನೇರವಾಗಿ ತಾಗಿದ ಕಡೆ ಸಣ್ಣ ತಗ್ಗು ಬಿದ್ದಿರುವ ಗೊಂಬೆಗಳು ನನ್ನ ಮೇಜಿಗೆ ಆಗಾಗ ಬರುತ್ತವೆ. ನಿಮ್ಮ ಬಿಳಿ ಪುಡಿಯಲ್ಲಿ ಒಂದಷ್ಟು ಈ ನ್ಯಾಫ್ತಲಿನ್ನೇ ಮತ್ತೆ ಹರಳುಗಟ್ಟಿ ಕೂತಿದ್ದಿರಬಹುದು. ಗೊಂಬೆಗಳನ್ನು ನೆರಳಲ್ಲಿ, ಗಾಳಿಯಾಡುವ ಕಡೆ, ಹಳೆ ಹತ್ತಿ ಪಂಚೆಯ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ. ಬಿಸಿಲು ಬೇಡ. ನಾಲ್ಕೈದು ದಿನದಲ್ಲಿ ಪುಡಿ ತಾನಾಗಿ ಮಾಯವಾದರೆ ಅದು ಗುಳಿಗೆಯದು. ಅಲ್ಲಲ್ಲಿ ಚುಕ್ಕೆಯಾಗಿ, ನೂಲುನೂಲಾಗಿ ಉಳಿದರೆ ಬೂಷ್ಟು, ಒದ್ದೆ ಹತ್ತಿಯಲ್ಲಿ ಒರೆಸಿ ಒಣಗಿಸಿದರೆ ಹೋಗುತ್ತದೆ. ಜಿಡ್ಡುಜಿಡ್ಡಾಗಿ ಉಳಿದರೆ ಅದು ಪ್ಲಾಸ್ಟಿಕ್ಕಿನ ಒಳಗಿಂದಲೇ ಬಂದದ್ದು, ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಐದಾರಿವೆ, ಆತಂಕ ಮಾತ್ರ ಒಂದೇ: ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಕೈಗೆ ಬಂದದ್ದನ್ನು ಮೂರು ಕಾಸಿಗೆ ಕೊಟ್ಟುಬಿಡುತ್ತೇನೋ, ಇಲ್ಲಾ ರಿಪೇರಿ ಮಾಡಲು ಹೋಗಿ ಕೆಡಿಸಿಬಿಡುತ್ತೇನೋ ಅಂತ. ಎರಡೂ ಭಯ ಸರಿಯಾದದ್ದೇ. ಇವುಗಳಲ್ಲಿ ಎರಡನೆಯದೇ ಹೆಚ್ಚು ಗೊಂಬೆಗಳನ್ನು ತಿಂದುಹಾಕಿದೆ.

"ಇಂಡಿಯಾದ ಡುಪ್ಲಿಕೇಟ್" ಅನ್ನುವ ಮಾತನ್ನು ಮೊದಲು ತಲೆಯಿಂದ ತೆಗೆಯಿರಿ. ಲಿಯೋ ಅನ್ನುವುದು ಬ್ಲೋ ಪ್ಲಾಸ್ಟ್ ಕಂಪನಿಯ ಆಟಿಕೆ ಹೆಸರು, ವಿಐಪಿ ಸೂಟ್‌ಕೇಸಿನ ಅದೇ ಮುಂಬಯಿ ಕಂಪನಿ. ಅಮೆರಿಕದ ಆಟಿಕೆ ಕಂಪನಿ ಮ್ಯಾಟೆಲ್ ಜೊತೆ ಸೇರಿ ಅವರು ಹೀ-ಮ್ಯಾನ್ ಸರಣಿಯನ್ನು ಇಲ್ಲಿ ತಂದರು. ಫನ್‌ಸ್ಕೂಲ್ 1987ರಲ್ಲಿ ಟೈರಿನ ಎಂಆರ್‌ಎಫ್ ಮತ್ತು ಅಮೆರಿಕದ ಆಟಿಕೆ ಕಂಪನಿ ಹ್ಯಾಸ್ಬ್ರೊ ಸೇರಿ ಕಟ್ಟಿದ್ದು, ಗೋವಾದಲ್ಲಿ ಕಾರ್ಖಾನೆ. ನಿಮ್ಮ ಮಾವ ವಾಸ್ಕೋದಿಂದ ತರುತ್ತಿದ್ದ ಜಿ.ಐ. ಜೋಗಳು ಅಲ್ಲೇ ಹತ್ತಿರದ ಸರಕು. ಎರಡೂ ಲೈಸೆನ್ಸ್ ಪಡೆದು ಮಾಡಿದವು.

ಆಗ ಹೊರಗಿನಿಂದ ಆಟಿಕೆ ತರಿಸಿ ಮಾರುವುದು ಸುಲಭವಿರಲಿಲ್ಲ. ಗೊಂಬೆಯ ಬದಲು ಅಚ್ಚು ಬರುತ್ತಿತ್ತು. ಒಂದು ಫಿಗರಿನ ಉಕ್ಕಿನ ಅಚ್ಚು ಮಾಡುವುದಕ್ಕೆ ದೊಡ್ಡ ಮೊತ್ತ ಬೇಕು, ಹಾಗಾಗಿ ಅಲ್ಲಿ ಕೆಲಸ ಮುಗಿದ ಅಚ್ಚು ದೇಶದಿಂದ ದೇಶಕ್ಕೆ ತಿರುಗುತ್ತಿತ್ತು. ಅಚ್ಚು ಅದೇ, ಆದರೆ ಪ್ಲಾಸ್ಟಿಕ್ ಕಾಳಿಗೆ ಬೆರೆಸುವ ಮಾಸ್ಟರ್‌ಬ್ಯಾಚ್ ಬಣ್ಣ ಇಲ್ಲಿಯದು, ಪೇಂಟ್ ಮಾಡುವ ಕೈ ಇಲ್ಲಿಯದು. ವಸಯಿಯ ಮೌಲ್ಡಿಂಗ್ ಶೆಡ್ಡುಗಳಲ್ಲಿ ವರ್ಷಗಟ್ಟಲೆ ಮಷಿನ್ ಮುಂದೆ ನಿಂತವನು ನಾನು. ಒಂದು ಬ್ಯಾಚ್ ಮುಗಿದು ಇನ್ನೊಂದು ಶುರುವಾಗುವಾಗ ಬಣ್ಣ ಹೇಗೆ ಜಾರುತ್ತದೆ ಅಂತ ಕಣ್ಣಾರೆ ಬಲ್ಲೆ. ಅದಕ್ಕೇ ಒಂದೇ ಜಿ.ಐ. ಜೋ ಫಿಗರಿನ ಪ್ಯಾಂಟು ಒಂದರಲ್ಲಿ ಹಸಿರು, ಇನ್ನೊಂದರಲ್ಲಿ ಬೇರೆಯದೇ ಹಸಿರು. ಅಮೆರಿಕದ ಸಂಗ್ರಾಹಕರು ಅಲ್ಲಿ ಎಂದೂ ಬಾರದ ಈ ಬಣ್ಣಗಳನ್ನೇ ಹುಡುಕುತ್ತಾರೆ. ನಿಮ್ಮ ಸ್ಟ್ರೀಟ್ ಹಾಕ್ ಇನ್ನೂ ಒಂದು ಹೆಜ್ಜೆ ಮುಂದೆ. ದೂರದರ್ಶನದಲ್ಲಿ ಬರುತ್ತಿದ್ದ ಬೈಕ್ ಸವಾರನ ಹೆಸರಲ್ಲಿ ಫನ್‌ಸ್ಕೂಲ್ ಇಲ್ಲಿಗಾಗಿ ಮಾಡಿದ ಫಿಗರ್ ಅದು, ಅಮೆರಿಕದ ಜಿ.ಐ. ಜೋ ಸಾಲಿನಲ್ಲಿ ಅದು ಇರಲೇ ಇಲ್ಲ. ಅಮೆರಿಕದ್ದಲ್ಲ ಎಂದು ನೀವು ಸಂಕೋಚಪಟ್ಟುಕೊಂಡ ಗೊಂಬೆಯೇ ಟ್ರಂಕಿನ ಮುಖ್ಯ ಸರಕು. ದುಬೈಯಿಂದ ಬಂದ ಬ್ಯಾಟ್‌ಮನ್ ಅಲ್ಲ.

ಹಾಗಂತ "ಲಕ್ಷಗಟ್ಟಲೆ" ಎಂದು ಹಿಗ್ಗುವುದೂ ಬೇಡ. 90ರ ದಶಕದ ಕೊನೆಗೆ ಮತ್ತು 2000ದ ಆರಂಭದಲ್ಲಿ ಅಮೆರಿಕದ ವ್ಯಾಪಾರಿಗಳು ಫನ್‌ಸ್ಕೂಲ್ ಜೋಗಳನ್ನು ಪೆಟ್ಟಿಗೆಗಟ್ಟಲೆ ತರಿಸಿಕೊಂಡರು. ಆ ಕೊನೆಯ ಕಾಲದ ಫಿಗರ್‌ಗಳು ಕಾರ್ಡಿನ ಸಮೇತ ಇವತ್ತಿಗೂ ಬೇಕಾದಷ್ಟು ಸಿಗುತ್ತವೆ. ಉಳಿಯದೇ ಹೋದವು ಮೊದಲ ವರ್ಷಗಳವು, ನಿಮ್ಮಂಥ ಹುಡುಗರು ಕಾಂಪೌಂಡಿನ ಮಣ್ಣಲ್ಲಿ ಆಡಿ ಸವೆಸಿದವು. ಹಳೆಯದಾದ ಮಾತ್ರಕ್ಕೆ ಅಪರೂಪವಾಗುವುದಿಲ್ಲ. ಎಷ್ಟು ಮಾರಾಟವಾಯಿತು, ಎಷ್ಟು ಉಳಿಯಿತು, ಈಗ ಎಷ್ಟು ಜನಕ್ಕೆ ಬೇಕು, ಈ ಮೂರೂ ಸೇರಬೇಕು. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ಯಾವ ಕಾರ್ಯಕ್ರಮಕ್ಕೆ ಹೋದರೂ ಮಧ್ಯಂತರದ ಚಹಾ ಹೊತ್ತಿಗೆ ಯಾರಾದರೊಬ್ಬರು ಜೇಬಿನಿಂದ ಕಾಲಿಲ್ಲದ ಸ್ಕೆಲಿಟರನ್ನು ತೆಗೆದು "ಇದಕ್ಕೆಷ್ಟು ಬರಬಹುದು?" ಅನ್ನುತ್ತಾರೆ. ಕಾಲಿಲ್ಲದ ಸ್ಕೆಲಿಟರುಗಳಿಗೆ ಈ ಊರಲ್ಲಿ ಬರವಿಲ್ಲ.

ಗೊಂಬೆಯ ಬೆನ್ನಿನ ಮೇಲೆ ಅಚ್ಚಾಗಿರುವ ಇಸವಿಯನ್ನು ನೋಡಿ ಕಾಲ ಲೆಕ್ಕ ಹಾಕಬೇಡಿ. ಅದು ವಿನ್ಯಾಸದ ಹಕ್ಕು ದಾಖಲಾದ ವರ್ಷ, ತಯಾರಾದ ವರ್ಷವಲ್ಲ. ಅಚ್ಚಿನೊಳಗೆ ಕೊರೆದಿರುವ ಅಂಕಿ ಅಚ್ಚು ಓಡುವವರೆಗೂ ಹಾಗೇ ಬರುತ್ತಿರುತ್ತದೆ. ಕಾಲ ತಿಳಿಯಲು ಕಾರ್ಡಿನ ಹಿಂಭಾಗದ ವಿಳಾಸ ಓದಿ. ಮದ್ರಾಸ್ ಎಂದಿದ್ದರೆ 1996ಕ್ಕೂ ಮುಂಚಿನ ಮುದ್ರಣ ಇರಬೇಕು, ಚೆನ್ನೈ ಎಂದಿದ್ದರೆ ಆಮೇಲಿನದು. ಬಾಂಬೆ ಮುಂಬಯಿಯಾದದ್ದು 1995ರಲ್ಲಿ. ಹಳೆ ಕಾರ್ಡುಗಳನ್ನು ಮುಗಿಯುವವರೆಗೂ ಬಳಸುವುದು ಕಾರ್ಖಾನೆಗಳ ರೂಢಿ, ಆದ್ದರಿಂದ ಒಂದೆರಡು ವರ್ಷ ಆಚೀಚೆ ಇಟ್ಟುಕೊಳ್ಳಿ. ಬೆಲೆಯ ಪಕ್ಕ "ಸ್ಥಳೀಯ ತೆರಿಗೆ ಪ್ರತ್ಯೇಕ" ಎಂಬರ್ಥದ ಸಾಲು ಇದ್ದರೆ ಅದೂ ಹಳೆಯತನದ ಗುರುತು. ನಿಮ್ಮ ಸ್ಟ್ರೀಟ್ ಹಾಕ್ ಕಾರ್ಡಿನ ಮೇಲೆ ಅಂಗಡಿಯವನ ಬೆಲೆ ಚೀಟಿ ಇದ್ದರೆ ಕೀಳಬೇಡಿ. ಕಿತ್ತರೆ ಕಾರ್ಡಿನ ಮೇಲ್ಪದರವೂ ಜೊತೆಗೆ ಬರುತ್ತದೆ.

ಇನ್ನು ಸೊಂಟ ಮುರಿದ ಜೋಗಳು. ಇದು ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ, ಯಾಕೆಂದರೆ ಅವು ಮುರಿದೇ ಇಲ್ಲ. 1982ರಿಂದ ಬಂದ ಆ ಪುಟ್ಟ ಜಿ.ಐ. ಜೋ ಫಿಗರ್‌ಗಳ ಎದೆ ಮತ್ತು ಕಾಲನ್ನು ಹಿಡಿದಿಡುವುದು ಒಳಗಿನ ಒಂದು ರಬ್ಬರ್ ಓ-ರಿಂಗ್. ಕಾಲುಗಳ ನಡುವೆ ಲೋಹದ ಪುಟ್ಟ ಕೊಕ್ಕೆ ಇರುತ್ತದೆ, ರಿಂಗು ಅದಕ್ಕೆ ಸಿಕ್ಕಿಸಿ ಎದೆಯೊಳಗೆ ಕೂತಿರುತ್ತದೆ. ಮೂವತ್ತು ವರ್ಷದಲ್ಲಿ ರಬ್ಬರ್ ಒಣಗಿ ತುಂಡಾಗುವುದು ಸಹಜ. ಬೆನ್ನಿನ ಸ್ಕ್ರೂ ಬಿಚ್ಚಿ, ಹೊಸ ರಿಂಗ್ ಹಾಕಿದರೆ ಎದ್ದು ನಿಲ್ಲುತ್ತಾನೆ. ಸ್ಕ್ರೂವಿಗೆ ತಕ್ಕ ಅಳತೆಯ ಡ್ರೈವರೇ ಬೇಕು, ಚಾಕು ತುದಿ ಹಾಕಿ ತಿರುವಿದರೆ ತಲೆ ಸವೆದು ಅಲ್ಲಿಗೆ ಮುಗಿಯಿತು. ತುಕ್ಕು ಹಿಡಿದಿದ್ದರೆ ಕಡ್ಡಿ ತುದಿಯಲ್ಲಿ ಒಂದು ಹನಿ ಹೊಲಿಗೆ ಮಷಿನ್ ಎಣ್ಣೆ ಬಿಟ್ಟು ರಾತ್ರಿಯಿಡೀ ಕಾಯಿರಿ, ಪ್ಲಾಸ್ಟಿಕ್ಕಿಗೆ ತಾಗಿದ ಎಣ್ಣೆ ಒರೆಸಿ. ರಿಂಗ್ ಎಲ್ಲಿ ಸಿಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಅಮೆರಿಕದಿಂದ ತರಿಸಬೇಕಾಗಿಲ್ಲ. ಮಸ್ಜಿದ್ ಬಂದರಿನ ನಾಗದೇವಿ ಸ್ಟ್ರೀಟಿನಲ್ಲಿ ಪಂಪು, ಬೇರಿಂಗು, ವಾಲ್ವು ಮಾರುವ ಅಂಗಡಿಗಳಿವೆಯಲ್ಲ, ಅಲ್ಲಿಗೆ ತುಂಡಾದ ಹಳೆ ರಿಂಗನ್ನೇ ಕಾಗದದಲ್ಲಿ ಸುತ್ತಿಕೊಂಡು ಹೋಗಿ. ದಪ್ಪ ಮತ್ತು ವ್ಯಾಸ ಎರಡೂ ಹೊಂದಬೇಕು. ಬಿಗಿಯಾದ ರಿಂಗ್ ಸೊಂಟದ ಪ್ಲಾಸ್ಟಿಕ್ಕನ್ನೇ ಸೀಳುತ್ತದೆ, ಆ ಬಿರುಕಿಗೆ ಔಷಧಿ ಇಲ್ಲ. ಸಡಿಲವಾದದ್ದು ಗೊಂಬೆಯನ್ನು ಕುಡುಕನಂತೆ ತೂರಾಡಿಸುತ್ತದೆ, ಅಷ್ಟೆ.

ಹೀ-ಮ್ಯಾನ್ ಕಟ್ಟಡ ಬೇರೆ. ಕಾಲುಗಳನ್ನು ಹಿಡಿದದ್ದು ಅಲ್ಲೂ ರಬ್ಬರೇ, ಆದರೆ ಬಿಚ್ಚಲು ಸ್ಕ್ರೂ ಇಲ್ಲ. ಸೊಂಟ ತಿರುವಿ ಬಿಟ್ಟರೆ ಗಿರ್ರನೆ ತಿರುಗಿ ಗುದ್ದುವ ಸ್ಪ್ರಿಂಗ್ ಕೆಲಸ ಮಾಡುತ್ತಿದೆಯೇ ಎಂದು ಒಮ್ಮೆ ಮೆಲ್ಲಗೆ ನೋಡಿ, ಸಿಕ್ಕಿಕೊಂಡಿದ್ದರೆ ಬಲವಂತ ಬೇಡ. ಯಾವುದೇ ಗೊಂಬೆಯ ಗಟ್ಟಿಯಾದ ಕೀಲು ಆಡಿಸುವ ಮೊದಲು ಕೈ ತಾಳುವಷ್ಟು ಬಿಸಿಯ ನೀರಲ್ಲಿ ಒಂದು ನಿಮಿಷ ಅದ್ದಿದರೆ ಪ್ಲಾಸ್ಟಿಕ್ ಸಡಿಲಾಗುತ್ತದೆ. ಜೋಗಳ ಕೈಗೆ ಬಂದೂಕು ತುರುಕುವಾಗ ಮಾತ್ರ ಎಚ್ಚರ. ಅವುಗಳ ಹೆಬ್ಬೆರಳು ಮುರಿಯುವುದೇ ಆಗ.

ಈಗ ಅಂಟಂಟು. ಹೀ-ಮ್ಯಾನ್ ಎದೆಪಟ್ಟಿ, ತಲೆ, ಕೆಲವು ಬೂಟುಗಳು ಮೆದು ಪಿವಿಸಿ ಜಾತಿಯವು. ಪಿವಿಸಿ ಹುಟ್ಟಾ ಗಟ್ಟಿ ವಸ್ತು. ಅದನ್ನು ಬಾಗುವಂತೆ ಮಾಡಲು ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥ ದ್ರವ ಬೆರೆಸುತ್ತಾರೆ. ಅದು ಪ್ಲಾಸ್ಟಿಕ್ಕಿಗೆ ರಾಸಾಯನಿಕವಾಗಿ ಅಂಟಿಕೊಂಡಿರುವುದಿಲ್ಲ, ಸುಮ್ಮನೆ ಸೇರಿಕೊಂಡಿರುತ್ತದೆ. ಬಜ್ಜಿಯ ಎಣ್ಣೆ ಕಟ್ಟಿದ ಕಾಗದಕ್ಕೆ ಇಳಿದ ಹಾಗೆ ವರ್ಷ ಕಳೆದಂತೆ ಹೊರಗೆ ಜಿನುಗುತ್ತದೆ. ಕಾವು ಹೆಚ್ಚಿದಷ್ಟೂ ಬೇಗ. ಚಾಳಿನ ತಗಡಿನ ಚಾವಣಿಯ ಕೆಳಗೆ, ಒಲೆಯ ನೆತ್ತಿಯ ಮೇಲೆ ನಿಮ್ಮ ಅಟ್ಟ. ಇದಕ್ಕಿಂತ ಕೆಟ್ಟ ಜಾಗ ಹುಡುಕಿದರೂ ಸಿಗದು. ಹೊರಬಂದ ಈ ಜಿಡ್ಡು ಪಕ್ಕದ ಗಟ್ಟಿ ಪ್ಲಾಸ್ಟಿಕ್ಕಿಗೆ ತಾಗಿದರೆ ಅದನ್ನೂ ಕರಗಿಸುತ್ತದೆ. ಮೆದು ಬೆಲ್ಟು ಒತ್ತಿಕೊಂಡಿದ್ದ ಕಡೆ ಎದೆಯ ಮೇಲೆ ಅದರ ಅಚ್ಚೇ ಮೂಡಿರುತ್ತದೆ. ಆದ್ದರಿಂದ ಎದೆಪಟ್ಟಿ, ಬೆಲ್ಟು, ಮೆದು ಕತ್ತಿಗಳನ್ನು ಗೊಂಬೆಯಿಂದ ಬಿಡಿಸಿ ಬೇರೆ ಇಡಿ. ಟ್ರಂಕಿನ ತಳದಲ್ಲಿ ಕನ್ನಡದ ಇಂದ್ರಜಾಲ ಕಾಮಿಕ್ಸ್ ಏನಾದರೂ ಇದ್ದರೆ ಅವನ್ನೂ ಈ ಗೊಂಬೆಗಳ ಸಹವಾಸದಿಂದ ತಪ್ಪಿಸಿ, ಜಿಡ್ಡು ಕಾಗದಕ್ಕೆ ಇಳಿದರೆ ಹೋಗುವುದಿಲ್ಲ. ಆ ಕಾಮಿಕ್ಸಿನ ಫ್ಯಾಂಟಮ್ ಗೊಂಬೆಯಾಗಿ ನಮ್ಮ ಕೈಗೆ ಸಿಗದಿದ್ದರೂ ನಮ್ಮ ತಲೆಮಾರಿಗೆ ಮೊದಲ ಮುಸುಕುಧಾರಿ ಅವನೇ.

ತೊಳೆಯುವುದಕ್ಕೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಮಕ್ಕಳ ಮೆತ್ತನೆ ಟೂತ್‌ಬ್ರಶ್. ಇಷ್ಟೇ. ಜೋಗಳನ್ನು ಬಿಚ್ಚಿ ತೊಳೆಯಿರಿ, ಒಳಗೆ ನೀರು ನಿಂತರೆ ಕೊಕ್ಕೆಗೆ ತುಕ್ಕು ಖಾತ್ರಿ. ಸ್ಟಿಕರ್ ಇರುವ ಭಾಗಕ್ಕೆ ನೀರು ಬೇಡ. ನೇಲ್ ಪಾಲಿಶ್ ರಿಮೂವರ್, ಥಿನ್ನರ್ ಹತ್ತಿರಕ್ಕೂ ತರಬೇಡಿ, ಅವುಗಳಲ್ಲಿರುವ ಅಸಿಟೋನ್ ತಾಗಿದರೆ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಕರಗಿ ನೀರಾಗುತ್ತದೆ. ಸ್ಯಾನಿಟೈಜರ್ ಹೀ-ಮ್ಯಾನ್ ಹುಬ್ಬನ್ನೇ ಒರೆಸಿಕೊಂಡು ಹೋಗುತ್ತದೆ. ತೊಳೆದ ಮೇಲೂ ಕೆಲವು ತಿಂಗಳಲ್ಲಿ ಅಂಟು ಮರಳಿ ಬರುತ್ತದೆ, ಒಳಗೆ ಇರುವುದು ಇನ್ನೂ ಹೊರಬರುತ್ತಲೇ ಇರುತ್ತದಲ್ಲ. ಟಾಲ್ಕಮ್ ಪೌಡರ್ ಹಚ್ಚಿದರೆ ಅಂಟು ಮುಚ್ಚುತ್ತದೆ, ನಿಲ್ಲುವುದಿಲ್ಲ. ಮಾರುವವರು ಮಾಡುವ ಉಪಾಯ ಅದು. ಕೊಳ್ಳುವಾಗ ಪೌಡರಿನ ವಾಸನೆ ಬಂದರೆ ಅನುಮಾನಪಡಿ.

ಪಾರ್ಲರ್ ಕ್ರೀಮಿನ ಉಪಾಯದ ಬಗ್ಗೆ ಅಳಿಯ ಸುಳ್ಳು ಹೇಳಿಲ್ಲ. ಅದಕ್ಕೆ ಬಳಸುವ 40 ವಾಲ್ಯೂಮಿನ ಡೆವಲಪರ್ ಕ್ರೀಮ್ ಅಂದರೆ 12 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್. ಬಿಸಿಲಿನ ನೇರಳಾತೀತ ಕಿರಣದ ಜೊತೆ ಸೇರಿ ಅದು ಎಬಿಎಸ್ ಹಳದಿಯನ್ನು ನಿಜಕ್ಕೂ ತೆಗೆಯುತ್ತದೆ. ಹಳೆ ಕಂಪ್ಯೂಟರಿನ ಬೂದು ಡಬ್ಬಕ್ಕೆ ಮಾಡುತ್ತಾರೆ. ಆದರೆ ಹಳದಿ ಬರುವುದು ಪ್ಲಾಸ್ಟಿಕ್ಕಿನೊಳಗಿನ ರಬ್ಬರಂಶ ಬೆಳಕು, ಗಾಳಿಗೆ ಒಡೆದುಹೋಗುವುದರಿಂದ. ಒಡೆದದ್ದನ್ನು ಪೆರಾಕ್ಸೈಡ್ ಜೋಡಿಸುವುದಿಲ್ಲ, ಬಣ್ಣವನ್ನಷ್ಟೇ ಬಿಳಿಚಿಸುತ್ತದೆ. ಒಂದೆರಡು ವರ್ಷದಲ್ಲಿ ಹಳದಿ ಮರಳುವುದುಂಟು. ಕ್ರೀಮ್ ಸಮನಾಗಿ ಕೂರದಿದ್ದರೆ ಪಟ್ಟೆಪಟ್ಟೆ ಬೀಳುತ್ತದೆ. ಬ್ಯಾಟ್‌ಮನ್ ಮೈಮೇಲೆ ನೀಲಿ, ಹಳದಿ, ಎದೆಯ ಗುರುತು ಎಲ್ಲ ಪೇಂಟು, ಅವೂ ಮಾಸುತ್ತವೆ. ನನ್ನ ಮಾತು ಕೇಳುವುದಾದರೆ ಬೇಡ. ಹಳದಿಗಟ್ಟಿದ ಬ್ಯಾಟ್‌ಮನ್‌ಗೆ ಬೆಲೆ ಸ್ವಲ್ಪ ಕಡಿಮೆ, ಪಟ್ಟೆ ಬಿದ್ದ ಬ್ಯಾಟ್‌ಮನ್‌ಗೆ ಬೆಲೆಯೇ ಇಲ್ಲ.

ಆ ಬ್ಯಾಟ್‌ಮನ್ ಯಾವ ಸಾಲಿನವನು ಅಂತ ನೋಡುವ ದಾರಿ ಹೇಳುತ್ತೇನೆ. ಎರಡು ಕಾಲುಗಳನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ, ತೋಳು ತಾನಾಗಿ ಎದ್ದು ಗುದ್ದಿದರೆ ಅವನು ಕೆನ್ನರ್ ಕಂಪನಿಯ ಸೂಪರ್ ಪವರ್ಸ್ ಸರಣಿಯವನಿರಬೇಕು. 1984ರಿಂದ 1986ರವರೆಗೆ ಬಂದ ಸರಣಿ, ಸೂಪರ್‌ಮನ್‌ಗೂ ಅದೇ ಯಂತ್ರ. ಅದೇ ಸರಣಿಯ ಓಟಗಾರ ಫ್ಲ್ಯಾಶ್‌ಗೆ ಮಾತ್ರ ಉಲ್ಟಾ, ಕೈ ಒತ್ತಿದರೆ ಕಾಲು ಓಡುತ್ತದೆ. ಬ್ಯಾಟ್‌ಮನ್ ಮೇಲಂಗಿ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ ಜೋಪಾನ, ಸಂಗ್ರಾಹಕರು ಮೊದಲು ಕೇಳುವುದು ಅದನ್ನೇ, ಮತ್ತು ಹೊಸದಾಗಿ ಹೊಲಿದು ಸೇರಿಸಿದ ಮೇಲಂಗಿಗಳು ಪೇಟೆಯಲ್ಲಿ ಧಾರಾಳ.

ಹೀಗೆ ಸೂಪರ್‌ಮನ್ ವಿಷಯಕ್ಕೆ ಬಂದೆವು. ಮುಂಗಡ ಕಳಿಸಬೇಡಿ. ಆ ಸರಣಿಯಲ್ಲಿ ಸೂಪರ್‌ಮನ್ ಬಹಳ ಮಾರಾಟವಾದ ಫಿಗರ್, ಸರಣಿಯ ಕೊನೆಗೆ ಬಂದ ಸೈಬೋರ್ಗ್‌ನಂತೆ ದುರ್ಲಭ ಅಲ್ಲ. ನೀವು ಆಡಿ ಕಳೆದದ್ದು ಬಿಡಿ ಗೊಂಬೆ, ಹಾಗಾಗಿ ಬಿಡಿಯದೇ ಕೊಂಡರೆ ಸಾಲದೇ? ಸೀಲ್ ಒಡೆಯದ ಕಾರ್ಡಿಗೆ ಹಲವು ಪಟ್ಟು ಕೊಟ್ಟರೆ ಬರುವುದು ನೀವು ಮುಟ್ಟಲಾಗದ ಸೂಪರ್‌ಮನ್, ಮತ್ತು ಮೋಸ ಹೆಚ್ಚು ನಡೆಯುವುದೂ ಅಲ್ಲೇ. ಹೊಸದಾಗಿ ಮುದ್ರಿಸಿದ ಕಾರ್ಡಿಗೆ ಹಳೆ ಬಿಡಿ ಗೊಂಬೆಯನ್ನು ಹೊಸ ಪಾರದರ್ಶಕ ಗುಳ್ಳೆಯಲ್ಲಿ ಅಂಟಿಸಿ ಮಾರುತ್ತಾರೆ. ಕೈಯಲ್ಲಿ ಹಿಡಿದು ನೋಡುವ ಅವಕಾಶವಿದ್ದರೆ ಪ್ರಿಂಟಿಂಗ್ ಪ್ರೆಸ್ಸಿನವರ ಲೂಪ್ ಎಂಬ ಪುಟ್ಟ ಭೂತಗನ್ನಡಿ ಹಾಕಿ ನೋಡಿ. ಹಳೆ ಆಫ್‌ಸೆಟ್ ಮುದ್ರಣದಲ್ಲಿ ಬಣ್ಣದ ಚುಕ್ಕೆಗಳು ಕ್ರಮವಾಗಿ ಗುಲಾಬಿಯಾಕಾರದಲ್ಲಿ ಕೂತಿರುತ್ತವೆ, ಇಂಕ್‌ಜೆಟ್ ಆದರೆ ಎರಚಿದಂತೆ ಚದುರಿರುತ್ತವೆ. ಗುಳ್ಳೆಯ ಅಂಚಿನ ಅಂಟು ಕಾರ್ಡಿನಷ್ಟೇ ವಯಸ್ಸಾದಂತೆ ಕಾಣಬೇಕು. ಬಂದೂಕು, ಕತ್ತಿಯನ್ನು ನೀರಿಗೆ ಹಾಕಿ ತೇಲಿದರೆ ನಕಲಿ, ಮುಳುಗಿದರೆ ಅಸಲಿ ಅನ್ನುವ ಪರೀಕ್ಷೆಯನ್ನು ನಂಬಬೇಡಿ. ಪಾಲಿಥೀನ್ ತೇಲುತ್ತದೆ, ಪಿವಿಸಿ ಮುಳುಗುತ್ತದೆ, ಅದರಿಂದ ತಿಳಿಯುವುದು ಪ್ಲಾಸ್ಟಿಕ್ಕಿನ ಜಾತಿ ಮಾತ್ರ. ಮಾರುವವನು "ಹಣ ವಾಪಸ್ ಕಳಿಸುತ್ತೇನೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಅಂದರೆ ಫೋನ್ ಇಟ್ಟುಬಿಡಿ. ಹಣ ಪಡೆಯಲು ಪಿನ್ ಬೇಡ. ದುಡ್ಡು ಹೋಗಿಯೇ ಬಿಟ್ಟರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಿ.

ಹೊರದೇಶದಿಂದ ಪಾರ್ಸೆಲ್ ತರಿಸುವುದು ದುಬಾರಿ. ಸಾಗಣೆಯ ಮೇಲೆ ಆಮದು ಸುಂಕ ಬೇರೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತಿನ ನಿಯಮವೂ ಇದೆ, ನಲವತ್ತು ವರ್ಷದ ಹಿಂದಿನ ಸೂಪರ್‌ಮನ್ ಅದನ್ನು ಎಲ್ಲಿಂದ ತಂದಾನು? ಪಾರ್ಸೆಲ್ ತಡೆಹಿಡಿದರೆ ಓಡಾಟ ನಿಮ್ಮದು. "ಗಿಫ್ಟ್" ಎಂದು ಬರೆಸಿದರೆ ಸುಂಕ ತಪ್ಪುತ್ತದೆ ಅನ್ನುವುದೂ 2019ರಲ್ಲೇ ಮುಗಿದ ಕಥೆ. ಅಲ್ಲಿಂದ ಬರುವ ನೆಂಟರು ತಮ್ಮ ಸಾಮಾನಿನ ಜೊತೆ, ಸುಂಕರಹಿತ ಮಿತಿಯೊಳಗೆ ಒಂದು ಬಿಡಿ ಗೊಂಬೆ ತರುವುದು ಸುಲಭದ ದಾರಿ. ಇಲ್ಲೇ ಹುಡುಕುವುದಾದರೆ ಚೋರ್ ಬಜಾರಿನ ಮಟನ್ ಸ್ಟ್ರೀಟ್ ಇದೆ. ಶುಕ್ರವಾರ ಆ ಅಂಗಡಿಗಳು ಮುಚ್ಚಿ ಸುತ್ತಲಿನ ರಸ್ತೆಯ ಮೇಲೆ ಸಂತೆ ಹರಡುತ್ತದೆ, ಅದಕ್ಕೆ ಬೆಳಕು ಹರಿಯುವ ಮೊದಲೇ ಹೋಗಬೇಕು. ಅಣ್ಣ ಪುಣೆಯ ಕಡೆ ಇದ್ದರೆ ಬುಧವಾರ, ಭಾನುವಾರದ ಜೂನಾ ಬಜಾರಿನಲ್ಲಿ ಕಣ್ಣಾಡಿಸಬಹುದು. "ಸೂಪರ್‌ಮನ್ ಇದೆಯಾ" ಅಂತ ಮಾತ್ರ ಕೇಳಬೇಡಿ, ಕೇಳಿದ ಕ್ಷಣ ಬೆಲೆ ಎರಡು ಪಟ್ಟಾಗುತ್ತದೆ. ರಾಶಿಯಲ್ಲಿ ಕೈಯಾಡಿಸಿ, ಬೇಡದ ನಾಲ್ಕರ ಜೊತೆ ಬೇಕಾದ ಒಂದನ್ನು ಎತ್ತಿ.

ಮಗಳಿಗೆ ಆಡಲು ಕೊಡಬಹುದೇ? ಅವಳಿಗೆ ಏಳು, ಬಾಯಿಗೆ ಹಾಕಿಕೊಳ್ಳುವ ವಯಸ್ಸು ದಾಟಿದೆ, ಆದ್ದರಿಂದ ಪೂರ್ತಿ ಬೇಡ ಅನ್ನುವುದಿಲ್ಲ. ಆದರೆ ಆ ಕಾಲದ ಪ್ಲಾಸ್ಟಿಕ್ಕಿನಲ್ಲಿ, ಮುಖ್ಯವಾಗಿ ಕೆಂಪು ಹಳದಿ ಬಣ್ಣಗಳಲ್ಲಿ ಸೀಸ ಮತ್ತು ಕ್ಯಾಡ್ಮಿಯಂ ಇರುವ ಸಾಧ್ಯತೆ ಇದೆ, ಬ್ರಿಟನ್ನಿನಲ್ಲಿ ಹಳೆ ಆಟಿಕೆಗಳನ್ನು ಪರೀಕ್ಷಿಸಿದಾಗ ಸಿಕ್ಕಿವೆ. ಅಂಟಾದದ್ದು, ಬಣ್ಣ ಉದುರುವುದು ಕೊಡಬೇಡಿ. ಹೊಸ ರಿಂಗ್ ಹಾಕಿ ತೊಳೆದ ಎರಡು ಮೂರು ಜೋಗಳನ್ನು ಕೊಡಿ, ಆಡಿದ ಮೇಲೆ ಕೈ ತೊಳೆಸಿ. ಮನೆಗೆ ಚಿಕ್ಕ ಕೂಸು ಬರುವುದಿದ್ದರೆ ಅದರ ಕೈಗೆ ಸಿಗದಂತೆ ಇಡಿ.

ಬಾಡಿಗೆ ಮನೆಗೆ ಹೋದ ಮೇಲೆ ಎಲ್ಲಿಡುವುದು ಅನ್ನುವುದಕ್ಕೆ ಚಿಕ್ಕ ಉತ್ತರ: ಅಟ್ಟವೂ ಅಲ್ಲ, ಮಳೆ ಹೊಡೆಯುವ ಹೊರಗೋಡೆಗೆ ಒರಗಿದ ಕಪಾಟೂ ಅಲ್ಲ. ಒಳಗೋಡೆಯ ಸ್ಟೀಲ್ ಕಪಾಟಿನ ನಡುವಿನ ಅರೆ ಒಳ್ಳೆಯದು. ಪಾಲಿಪ್ರೊಪಿಲೀನ್ ಡಬ್ಬಿ, ಒಂದೊಂದು ಗೊಂಬೆಗೂ ಬಣ್ಣ ಹಾಕದ ಬಿಳಿ ಹತ್ತಿ ಬಟ್ಟೆ. ಜಿಪ್ ಕವರಿನಲ್ಲಿ ಬಿಗಿಯಾಗಿ ಮುಚ್ಚಬೇಡಿ, ಮೆದು ಪಿವಿಸಿ ಕವರಿಗೇ ಅಂಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳು ಇರಲಿ, ಬಣ್ಣ ಬದಲಾದಾಗ ಹುರಿದು ಒಣಗಿಸಿ ಮತ್ತೆ ಹಾಕಿ. ಗಾಳಿಯ ತೇವಾಂಶ 65 ಶೇಕಡಾ ದಾಟಿದ ಮೇಲೆ ಬೂಷ್ಟಿಗೆ ಹಬ್ಬ, ಮುಂಬಯಿಯ ಜುಲೈ ಅದನ್ನು ಲೀಲಾಜಾಲವಾಗಿ ದಾಟುತ್ತದೆ. ಸ್ಟ್ರೀಟ್ ಹಾಕ್ ಕಾರ್ಡನ್ನು ನೆಟ್ಟಗೆ ನಿಲ್ಲಿಸಿ ಇಡಿ, ಮೇಲೆ ಏನನ್ನೂ ಹೇರಬೇಡಿ.

ಮಾರುವುದೋ ಇಟ್ಟುಕೊಳ್ಳುವುದೋ ಎಂದರೆ ಮೂರು ದಾರಿ ಕಾಣುತ್ತವೆ. ಎಲ್ಲ ಈಗಲೇ ಮಾರಿದರೆ ಜಾಗ ಉಳಿಯುತ್ತದೆ, ಆದರೆ ಸಾಗಿಸುವ ಗಡಿಬಿಡಿಯಲ್ಲಿರುವವನಿಗೆ ಒಳ್ಳೆ ಬೆಲೆ ಯಾರೂ ಕೊಡುವುದಿಲ್ಲ. ಎಲ್ಲ ಇಟ್ಟುಕೊಂಡರೆ ಮೆದು ಪ್ಲಾಸ್ಟಿಕ್ ವರ್ಷ ವರ್ಷ ಇಳಿಯುತ್ತಲೇ ಹೋಗುತ್ತದೆ, ಅದರ ಬೆಲೆ ಕಾದಷ್ಟೂ ಏರುತ್ತದೆ ಎಂದು ಲೆಕ್ಕ ಹಾಕಬೇಡಿ. ನಾನಾಗಿದ್ದರೆ ಮೂರನೆಯದನ್ನು ಹಿಡಿಯುತ್ತಿದ್ದೆ: ಸ್ಟ್ರೀಟ್ ಹಾಕ್ ಮತ್ತು ಮನಸ್ಸಿಗೆ ಹತ್ತಿರವಾದ ಮೂರು ನಾಲ್ಕು ಉಳಿಸಿಕೊಂಡು, ಮಿಕ್ಕವನ್ನು ಹೊಸ ಮನೆಯಲ್ಲಿ ಕೂತು, ರಿಂಗ್ ಹಾಕಿ, ಒಂದೊಂದಾಗಿ ಮಾರುವುದು. ಬೆಲೆ ನೋಡುವಾಗ ಮಾರುವವರು ಕೇಳುವ ಬೆಲೆ ಬಿಟ್ಟು, ಹರಾಜಿನ ತಾಣಗಳಲ್ಲಿ ಮಾರಾಟವಾಗಿ ಮುಗಿದ ಪಟ್ಟಿಯನ್ನೇ ನೋಡಿ. ಕೇಳುವುದಕ್ಕೇನು, ಯಾರು ಎಷ್ಟು ಬೇಕಾದರೂ ಕೇಳಬಹುದು. ವಿದೇಶಕ್ಕೆ ಕಳಿಸಲು ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರುತ್ತದೆಯೇ ಎಂದು ಕೆಲವರು ಹೆದರುತ್ತಾರೆ. 1972ರ ಆ ಕಾಯ್ದೆ ಸಾಮಾನ್ಯವಾಗಿ ನೂರು ವರ್ಷ ದಾಟಿದವುಗಳಿಗೆ, ಹೀ-ಮ್ಯಾನ್‌ಗೆ ಇನ್ನೂ ಬಹಳ ಕಾಲವಿದೆ.

ಭಾನುವಾರಕ್ಕೆ ಮುಂಚೆ ಅಣ್ಣನಿಗೆ ಒಂದು ಫೋನ್ ಮಾಡಿ. "ನಾನೂ ಅಣ್ಣನೂ ಆಡುತ್ತಿದ್ದ" ಎಂದು ನೀವೇ ಬರೆದಿದ್ದೀರಿ, ಅವರನ್ನು ಕೇಳಿದ ಸಂಗತಿ ಪತ್ರದಲ್ಲೆಲ್ಲೂ ಇಲ್ಲ. ಎಲ್ಲವನ್ನೂ ನೆಲದ ಮೇಲೆ ಸಾಲಾಗಿಟ್ಟು ಫೋಟೊ ಕಳಿಸಿ, ಯಾವುದು ಯಾರದು ಎಂದು ಬೆಲೆ ಗೊತ್ತಾಗುವ ಮೊದಲೇ ಮಾತಾಡಿಕೊಳ್ಳಿ. ಬೆಲೆ ಗೊತ್ತಾದ ಮೇಲೆ ಆ ಮಾತು ಕಷ್ಟ. ಆಮೇಲೆ ವ್ಯಾಪಾರಿ ಬಂದಾಗ ಚಹಾ ಕೊಟ್ಟು, 15,000ದ ಒಟ್ಟು ಲೆಕ್ಕ ಬೇಡ, ಒಂದೊಂದಕ್ಕೂ ಬೇರೆ ಬೇರೆ ಬೆಲೆ ಹೇಳಿ ಅನ್ನಿ, ಬರೆದುಕೊಳ್ಳಿ. ಅವತ್ತು ಏನನ್ನೂ ಕೊಡಬೇಡಿ. ಬೆಲೆ ಹೇಳುತ್ತಾ ಹೇಳುತ್ತಾ ಅವರು ಯಾವುದರ ಹತ್ತಿರ ತಡವರಿಸುತ್ತಾರೋ ಗಮನಿಸಿ. ಅವರು ಡೊಂಬಿವಲಿಯವರೆಗೆ ಬಂದದ್ದು ಅದೊಂದಕ್ಕೇ.